ಸಣ್ಣ ಕೆಡುಕು ಮತ್ತು ಉಳಿಯುವ ಬಾಕಿ

(ಗದಗಿನಲ್ಲಿ ಶಿಕ್ಷಕರು, ವಕೀಲರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಗೆಳೆಯರೇ, ಕುರ್ಚಿ ಸಾಲದೆ ಹಿಂದೆ ನಿಂತಿರುವ ವಿದ್ಯಾರ್ಥಿಗಳೇ,

‘ದಿ ಲೆಸ್ಸರ್ ಆಫ್ ಟು ಇವಿಲ್ಸ್’ ಎಂಬ ಇಂಗ್ಲಿಷ್ ಮಾತು ನಮ್ಮ ಕಡೆ ಈಗ ನಮ್ಮದೇ ಮಾತಿನಂತೆ ಓಡಾಡುತ್ತಿದೆ. ಎರಡು ಕೆಡುಕುಗಳಲ್ಲಿ ಸಣ್ಣದು ಎಂದು ಅದರ ಅರ್ಥ. ಚುನಾವಣೆ ಘೋಷಣೆಯಾಗಲಿ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ‘ಲೆಸ್ಸರ್ ಇವಿಲ್ ನೋಡಿ ಹಾಕೂದ್ರೀ, ಮತ್ತೇನ್ ಮಾಡ್ತೀರಿ’ ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಕಚೇರಿಯಲ್ಲಿ ದುಡ್ಡು ಕೊಟ್ಟು ಹೊಲದ ಉತಾರ (ಪಹಣಿ) ತೆಗೆಸಿಕೊಂಡವರು ಹೀಗೇ ಹೇಳುತ್ತಾರೆ. ಮಗಳ ಓದು ಬಿಡಿಸಿ ಮದುವೆ ಮಾಡಿದ ತಂದೆ ಹೇಳುತ್ತಾನೆ. ಅಂತರ್ಜಲ ಪಾತಾಳಕ್ಕೆ ಇಳಿದಿದೆ ಎಂದು ಗೊತ್ತಿದ್ದೂ ಇನ್ನೊಂದು ಬೋರ್ ಕೊರೆಸಿದ ರೈತನೂ ಹೇಳುತ್ತಾನೆ. ನಾಲ್ವರ ಬಾಯಲ್ಲೂ ಒಂದೇ ಮಾತು. ಆದರೆ ನಾಲ್ವರ ಪರಿಸ್ಥಿತಿ ಒಂದೇ ಅಲ್ಲ, ಅವರು ಹೊರಬೇಕಾದ ಹೊಣೆಯೂ ಒಂದೇ ಅಲ್ಲ.

ಈ ಮಾತನ್ನು ಹಳಿಯುವುದಕ್ಕೆ ನಾನು ಬಂದಿಲ್ಲ. ಬದುಕಿಗೆ ಇದು ಬೇಕು. ಕೈ ಕೆಸರಾಗದ ದಾರಿ ಯಾವಾಗಲೂ ಸಿಗುತ್ತದೆ ಎಂದು ಬೋಧಿಸುವವರು ಹೊಲ, ಮನೆ, ಆಸ್ಪತ್ರೆ ನಡೆಸಿದವರಲ್ಲ. ನನಗಿರುವ ಚಿಂತೆ ಬೇರೆ. ಈ ಮಾತನ್ನು ಆಡುವ ಹಕ್ಕು ನಮಗೆ ಯಾವಾಗ ಬರುತ್ತದೆ? ಆಡಿ ಮುಗಿದ ಮೇಲೆ ನಮ್ಮ ಹೆಸರಿನಲ್ಲಿ ಏನು ಬಾಕಿ ಉಳಿಯುತ್ತದೆ?

ಮಾತು ಬಹಳ ಹಳೆಯದು. ಸಣ್ಣ ಕೆಡುಕು ಸಿಗುವಂತಿದ್ದರೆ ಯಾರೂ ದೊಡ್ಡದನ್ನು ಆರಿಸಿಕೊಳ್ಳುವುದಿಲ್ಲ ಎಂದು ಸಾಕ್ರಟೀಸ್ ವಾದಿಸಿದ್ದನ್ನು ಪ್ಲೇಟೊ ಬರೆದಿಟ್ಟಿದ್ದಾನೆ. ದೊಡ್ಡ ಕೆಡುಕಿನ ಪಕ್ಕದಲ್ಲಿ ಸಣ್ಣ ಕೆಡುಕು ಒಳಿತಿನ ಲೆಕ್ಕಕ್ಕೆ ಬರುತ್ತದೆ ಎಂದ ಅರಿಸ್ಟಾಟಲ್. ಆದರೆ ನನಗೆ ಹಿಡಿಸುವುದು ಸಿಸೆರೊನ ಮಾತು. ಕ್ರಿ.ಪೂ. 44, ಸೀಸರನ ಕೊಲೆಯಾದ ವರ್ಷ. ಸಿಸೆರೊ ಆಗ ರೋಮಿನ ರಾಜಕೀಯದಿಂದ ಹೊರಬಿದ್ದು, ಜೀವಭಯದಲ್ಲಿ ಊರಿಂದೂರಿಗೆ ಅಲೆಯುತ್ತಿದ್ದ. ಆ ಸ್ಥಿತಿಯಲ್ಲಿ ಮಗನಿಗಾಗಿ ಬರೆಯುತ್ತ ಅವನು ಹೇಳಿದ್ದರ ಸಾರ ಇಷ್ಟು: ಕೆಡುಕುಗಳಲ್ಲಿ ಅತಿ ಸಣ್ಣದನ್ನು ಆರಿಸಿಕೊಂಡರೆ ಸಾಲದು, ಅದರೊಳಗೆ ಏನಾದರೂ ಒಳ್ಳೆಯದು ಅಡಗಿದ್ದರೆ ಅದನ್ನೂ ಹೆಕ್ಕಿ ತೆಗೆಯಬೇಕು. ಮರುವರ್ಷವೇ ಅವನನ್ನು ಕೊಂದರು. ಇಂದು ನಾವು ಈ ಮಾತಿನ ಮೊದಲರ್ಧವನ್ನಷ್ಟೇ ಹಿಡಿದುಕೊಂಡು, ಹೆಕ್ಕುವ ಕೆಲಸದ ಉಳಿದರ್ಧವನ್ನು ಬಿಟ್ಟುಬಿಟ್ಟಿದ್ದೇವೆ.

ವಕೀಲ ಮಿತ್ರರು ಬಹಳ ಜನ ಬಂದಿದ್ದೀರಿ, ಹಾಗಾಗಿ ಕಾನೂನಿನ ಕಡೆಗೆ ಹೊರಳುತ್ತೇನೆ. 1860ರ ಭಾರತೀಯ ದಂಡ ಸಂಹಿತೆಯ 81ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಮಾಗಿ ಮುಂದುವರಿದಿದೆ. ಅಲ್ಲೊಂದು ಉದಾಹರಣೆ ಇದೆ. ಒಬ್ಬ ಹಡಗಿನ ಕ್ಯಾಪ್ಟನ್. ನೇರ ಹೋದರೆ ಇಪ್ಪತ್ತು ಮೂವತ್ತು ಜನ ಕೂತ ದೋಣಿಗೆ ಡಿಕ್ಕಿ ಖಚಿತ. ದಿಕ್ಕು ತಿರುಗಿಸಿದರೆ ಇಬ್ಬರೇ ಇರುವ ಇನ್ನೊಂದು ದೋಣಿಗೆ ತಗಲುವ ಅಪಾಯ ಉಂಟು, ಆದರೆ ತಪ್ಪಿಸಿಕೊಂಡು ಹೋಗುವ ಸಾಧ್ಯತೆಯೂ ಉಂಟು. ಅವನು ತಿರುಗಿಸಿದರೆ ಅಪರಾಧಿಯಲ್ಲ.

ಮೇಲಿನಿಂದ ನೋಡಿದರೆ ಇಪ್ಪತ್ತಕ್ಕೆ ಎರಡು, ಸರಳ ಲೆಕ್ಕ. ಆದರೆ ಕಲಮಿನ ಒಳಗೆ ಇಳಿದರೆ ಎಷ್ಟೊಂದು ಬಿಗಿ ಇದೆ ನೋಡಿ. ಕ್ಯಾಪ್ಟನ್ ಆ ಇಕ್ಕಟ್ಟಿಗೆ ಸಿಕ್ಕಿದ್ದು ಇದ್ದಕ್ಕಿದ್ದಂತೆ, ತನ್ನ ತಪ್ಪು ಅಥವಾ ನಿರ್ಲಕ್ಷ್ಯ ಇಲ್ಲದೆ. ಇಬ್ಬರಿಗೆ ಗುದ್ದಬೇಕೆಂಬ ಉದ್ದೇಶ ಅವನಿಗಿಲ್ಲ. ಅವನ ಮನಸ್ಸಿನಲ್ಲಿ ಪ್ರಾಮಾಣಿಕತೆ ಇದೆ. ಎದುರಿಗಿದ್ದ ಅಪಾಯ ನಿಜಕ್ಕೂ ಅಷ್ಟು ದೊಡ್ಡದಾಗಿತ್ತೇ ಎಂಬುದನ್ನು ಅವನೇ ತೀರ್ಮಾನಿಸುವಂತಿಲ್ಲ, ಬೇರೆಯವರು ನೋಡಿ ಹೇಳಬೇಕು. ಇಬ್ಬರಿದ್ದಾರಲ್ಲ, ಹೋದರೆ ಹೋಗಲಿ ಎಂದು ಕಣ್ಣು ಮುಚ್ಚಿ ಹಡಗು ಓಡಿಸಿದರೆ ಕಾನೂನು ಅವನ ಬೆನ್ನಿಗೆ ನಿಲ್ಲುವುದಿಲ್ಲ.

ಇದನ್ನು ಉತಾರಕ್ಕೆ ದುಡ್ಡು ಕೊಟ್ಟವರಿಗೆ ಹಚ್ಚಿ ನೋಡೋಣ. ಮಗುವಿನ ಆಪರೇಷನ್ ನಾಳೆ ಇದೆ, ಒಂದು ಸರ್ಟಿಫಿಕೇಟ್‌ಗಾಗಿ ಎದುರಿನವನು ಕೈಯೊಡ್ಡಿ ಕೂತಿದ್ದಾನೆ ಎಂದರೆ ಕೊಟ್ಟವರ ಮೇಲೆ ನಾನು ಕಲ್ಲೆಸೆಯಲಾರೆ. ಆದರೆ ಅರ್ಜಿ ಹಾಕಲು ಆರು ತಿಂಗಳು ಇತ್ತು, ಸಕಾಲದಲ್ಲಿ ಹಾಕಬಹುದಿತ್ತು, ಓಡಾಡುವ ಬೇಸರಕ್ಕೆ ಕೊನೆಯ ವಾರದವರೆಗೂ ಬಿಟ್ಟು, ಆಮೇಲೆ ‘ಬೇರೆ ದಾರಿ ಇರಲಿಲ್ಲ’ ಎಂದರೆ? ಆ ಇಕ್ಕಟ್ಟನ್ನು ನಾವೇ ಕಟ್ಟಿಕೊಂಡದ್ದು. ನಮ್ಮ ದಿನನಿತ್ಯದ ‘ಲೆಸ್ಸರ್ ಇವಿಲ್’ಗಳಲ್ಲಿ ಬಹುಪಾಲು ಇಂಥವೇ ಎಂದು ನಾನು ನಂಬಿದ್ದೇನೆ.

ಇನ್ನೊಂದು ಮೊಕದ್ದಮೆ ಕಾನೂನು ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುತ್ತದೆ. 1884ರಲ್ಲಿ ಮಿನ್ಯೊನೆಟ್ ಎಂಬ ಇಂಗ್ಲಿಷ್ ಹಡಗು ಅಟ್ಲಾಂಟಿಕ್‌ನಲ್ಲಿ ಮುಳುಗಿತು. ನಾಲ್ವರು ಸಣ್ಣ ದೋಣಿಯಲ್ಲಿ ಉಳಿದರು. ಸಾಕಷ್ಟು ಅನ್ನ ನೀರಿಲ್ಲದೆ ವಾರಗಳು ಕಳೆದ ಮೇಲೆ ಡಡ್ಲಿ ಮತ್ತು ಸ್ಟೀಫನ್ಸ್ ಎಂಬ ಇಬ್ಬರು, ನಿತ್ರಾಣವಾಗಿ ಬಿದ್ದಿದ್ದ ಹದಿನೇಳರ ಹುಡುಗ ರಿಚರ್ಡ್ ಪಾರ್ಕರ್‌ನನ್ನು ಕೊಂದರು. ಅವನ ದೇಹದಿಂದ ಜೀವ ಹಿಡಿದುಕೊಂಡರು. ನಾಲ್ವರೂ ಸಾಯುವುದಕ್ಕಿಂತ ಒಬ್ಬ ಸಾಯಲಿ ಎಂಬುದು ಅವರ ವಾದ. ಇಂಗ್ಲೆಂಡಿನ ನ್ಯಾಯಾಲಯ ಒಪ್ಪಲಿಲ್ಲ. ಜೀವಗಳ ಬೆಲೆಯನ್ನು ಯಾವ ಅಳತೆಯಿಂದ ತೂಗುವುದು, ಆ ಅನಿವಾರ್ಯತೆಯನ್ನು ನಿರ್ಧರಿಸುವವರು ಯಾರು ಎಂದು ನ್ಯಾಯಮೂರ್ತಿ ಕೋಲ್ರಿಜ್ ಕೇಳಿದರು. ಮರಣದಂಡನೆ ವಿಧಿಸಿ, ನಂತರ ಆರು ತಿಂಗಳ ಸೆರೆಗೆ ಇಳಿಸಲಾಯಿತು. ತೀರ್ಪು ಕಠಿಣ ಎನ್ನುವವರಿದ್ದಾರೆ. ಆದರೆ ನ್ಯಾಯಮೂರ್ತಿಗಳ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಣ್ಣ ಕೆಡುಕು ಎಂದು ತೀರ್ಮಾನಿಸಿದವರು ಬದುಕಿದರು. ಅದು ಯಾರ ಪಾಲಿಗೆ ಸಣ್ಣದಾಗಿರಲಿಲ್ಲವೋ ಆ ಹುಡುಗನನ್ನು ಯಾರೂ ಕೇಳಲಿಲ್ಲ.

ಮಗಳ ಓದು ಬಿಡಿಸಿದ ತಂದೆಗೆ ನಾನು ಕೇಳುವುದೂ ಇದನ್ನೇ. ಕಾಲೇಜು ದೂರ, ಬಸ್ಸಿಲ್ಲ, ಊರಿನವರ ಮಾತು, ಸಾಲ. ಕಷ್ಟಗಳೆಲ್ಲ ನಿಜ. ಆದರೆ ತೂಕ ಹಾಕುವಾಗ ತಕ್ಕಡಿಯ ಹತ್ತಿರ ಮಗಳು ಇದ್ದಳೇ?

ಗದಗಿನಲ್ಲಿ ನಿಂತು ಧರ್ಮಸಂಕಟದ ಮಾತಾಡುವಾಗ ಮಹಾಭಾರತವನ್ನು ಬಿಟ್ಟು ಮುಂದೆ ಹೋಗಲಾಗದು. ಇಲ್ಲೇ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದ ಎಂದು ನಾವೆಲ್ಲ ಕೇಳುತ್ತಲೇ ಬೆಳೆದವರು. ವ್ಯಾಸರ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಕೌಶಿಕ ತಪಸ್ವಿ. ಏನಾದರೂ ಆಗಲಿ, ಸತ್ಯವನ್ನೇ ಹೇಳುವೆನೆಂಬ ವ್ರತ ಅವನದು. ಕಳ್ಳರಿಗೆ ಹೆದರಿ ಓಡಿಬಂದ ಜನ ಅವನ ಕಣ್ಣೆದುರೇ ಕಾಡಿಗೆ ನುಗ್ಗಿ ಅಡಗುತ್ತಾರೆ. ಬೆನ್ನಟ್ಟಿ ಬಂದ ಕಳ್ಳರು ಕೇಳಿದಾಗ ಕೌಶಿಕ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಅಡಗಿದವರೆಲ್ಲ ಸಾಯುತ್ತಾರೆ. ಸತ್ಯವಂತ ಕೌಶಿಕ ನರಕಕ್ಕೆ ಹೋಗುತ್ತಾನೆ. ಕೈ ಶುದ್ಧವಾಗಿಟ್ಟುಕೊಳ್ಳುವ ಹಟವೂ ಪಾಪವಾಗಬಹುದು ಎಂದು ಇಷ್ಟು ನೇರವಾಗಿ ಹೇಳಿದ ಕಥೆ ನನಗೆ ಬೇರೆ ಗೊತ್ತಿಲ್ಲ. ಸುಳ್ಳು ಹೇಳಬೇಕಾದ ಗಳಿಗೆ ಬರುತ್ತದೆ ಎಂದು ಮಹಾಭಾರತ ಒಪ್ಪುತ್ತದೆ.

ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಯುದ್ಧದ ಹದಿನೈದನೆಯ ದಿನ, ದ್ರೋಣನನ್ನು ತಡೆಯಲು ಬೇರೆ ಉಪಾಯ ಕಾಣದಾಗ, ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಕೇಳಿಸದ ಹಾಗೆ ಸೇರಿಸಿದ. ಅವತ್ತಿನವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕೆ ತಾಗಿತು. ಸೈನ್ಯ ಉಳಿಯಿತು, ಯುದ್ಧ ಗೆದ್ದದ್ದೂ ಆಯಿತು. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿಬಿಟ್ಟ, ಹಾಗಾಗಿ ನಮ್ಮ ಗಮಕಿಗಳ ಬಾಯಲ್ಲಿ ಮುಂದಿನದು ಅಷ್ಟಾಗಿ ಬರುವುದಿಲ್ಲ. ವ್ಯಾಸರ ಕೊನೆಯ ಪರ್ವಕ್ಕೆ ಹೋದರೆ ಅಲ್ಲಿ ಧರ್ಮರಾಯನಿಗೆ ಸ್ವಲ್ಪ ಹೊತ್ತು ನರಕ ತೋರಿಸುತ್ತಾರೆ. ಯಾಕೆಂದು ಇಂದ್ರನೇ ಬಿಡಿಸಿ ಹೇಳುತ್ತಾನೆ. ದ್ರೋಣನನ್ನು ನೆಪ ಹೂಡಿ ನಂಬಿಸಿದೆ, ನೆಪ ಹೂಡಿಯೇ ನಿನಗೆ ನರಕ ತೋರಿಸಿದೆವು. ಅನಿವಾರ್ಯವಾಗಿತ್ತು ಎಂದು ಯಾರೂ ಆ ಸುಳ್ಳನ್ನು ಲೆಕ್ಕದಿಂದ ಹೊಡೆದುಹಾಕಲಿಲ್ಲ. ಸಣ್ಣದಾದ್ದರಿಂದ ಶಿಕ್ಷೆಯೂ ಸಣ್ಣದು, ಆದರೆ ಬಾಕಿ ಬಾಕಿಯೇ.

ನಾನು ಇವತ್ತು ಹೇಳಬೇಕೆಂದು ಬಂದದ್ದು ಇದು. ಕೌಶಿಕನಂತೆ ಆರಿಸಲು ಒಲ್ಲೆ ಎನ್ನುವುದು ತಪ್ಪು. ಆರಿಸಿದ ಮೇಲೆ ಏನೂ ಆಗಿಲ್ಲವೆಂಬಂತೆ ಮೈ ಕೊಡವಿಕೊಳ್ಳುವುದೂ ತಪ್ಪು.

ಇನ್ನೂ ಹಿಂದಿನ ಒಂದು ಕಥೆ ಛಾಂದೋಗ್ಯ ಉಪನಿಷತ್ತಿನಲ್ಲಿದೆ. ಕುರುದೇಶದಲ್ಲಿ ಬೆಳೆ ಹಾಳಾಗಿ ಉಷಸ್ತಿ ಚಾಕ್ರಾಯಣ ಎಂಬ ವಿದ್ವಾಂಸ ಹೆಂಡತಿಯನ್ನು ಕರೆದುಕೊಂಡು ಊರು ಬಿಡುತ್ತಾನೆ. ಒಬ್ಬ ಬೇಯಿಸಿದ ಕಾಳು ತಿನ್ನುತ್ತ ಕೂತಿರುತ್ತಾನೆ. ಉಷಸ್ತಿ ಬೇಡುತ್ತಾನೆ. ನಾನು ತಿಂದು ಬಿಟ್ಟ ಇವು ಬಿಟ್ಟರೆ ಬೇರೆ ಇಲ್ಲವಲ್ಲ ಎನ್ನುತ್ತಾನೆ ಅವನು. ಅವನ್ನೇ ಕೊಡು ಎಂದು ಉಷಸ್ತಿ ಇಸಿದುಕೊಂಡು ತಿನ್ನುತ್ತಾನೆ. ನೀರನ್ನೂ ಕುಡಿ ಎಂದಾಗ, ಅದು ಎಂಜಲಾದೀತು, ಬೇಡ ಎನ್ನುತ್ತಾನೆ. ಕಾಳು ಎಂಜಲಲ್ಲವೇ ಎಂದು ಅವನು ಕೇಳಿದರೆ ಉಷಸ್ತಿ ಕೊಡುವ ಉತ್ತರ ಇದು: ಅವನ್ನು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರು ನನಗೆ ಬೇಕಾದಲ್ಲಿ ಸಿಗುತ್ತದೆ.

ಎಂಜಲಿನ ಮಡಿ ಮೈಲಿಗೆಯ ವಿಚಾರವನ್ನು ಇಂದು ನಾವು ಎತ್ತಿ ಹಿಡಿಯಬೇಕಿಲ್ಲ. ಅವನು ಎಳೆದ ಗೆರೆ ಮುಖ್ಯ. ಒಂದು ಕಡೆ ನಿಯಮ ಮುರಿಯಬೇಕಾಗಿ ಬಂತೆಂದು ಎಲ್ಲ ಕಡೆ ಮುರಿಯಲು ಪರವಾನಗಿ ಸಿಕ್ಕಿತೆಂದು ಅವನು ತಿಳಿಯಲಿಲ್ಲ.

ಈ ಕಥೆ ಓದಿದಾಗಲೆಲ್ಲ ನನಗೆ ಬರಗಾಲದ ವರ್ಷ ದನದ ಸಂತೆಯಲ್ಲಿ ಕಂಡ ಒಂದು ವ್ಯಾಪಾರ ಕಣ್ಣೆದುರು ಬರುತ್ತದೆ. ಮುಂಡರಗಿ ಕಡೆಯ ರೈತ, ನನಗೆ ಪರಿಚಯದವರು. ಮನೆಯಲ್ಲಿ ಜೋಡೆತ್ತು, ಬಣವೆಯಲ್ಲಿ ಕಣಿಕೆ ಮುಗಿದಿತ್ತು. ಒಂದನ್ನು ಮಾರಿ ಇನ್ನೊಂದಕ್ಕೆ ಮೇವು ತರಬೇಕೆಂದು ಬಂದಿದ್ದರು. ‘ಎರಡೂ ಸಾಯೂದಕ್ಕಿಂತ ಒಂದ ಹ್ವಾದ್ರ ಹೋಗ್ಲಿ ಅಂತ ಗಟ್ಟಿ ಮನಸ್ಸ ಮಾಡೇನ್ರೀ ಸರ್’ ಎಂದರು. ದಲ್ಲಾಳಿ ಟವೆಲ್ಲಿನ ಕೆಳಗೆ ಅವರ ಬೆರಳು ಹಿಡಿದು ರೇಟು ಕುದುರಿಸಿದ. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಇವರು ಕೊಳ್ಳುವವನ ಕಡೆ ತಿರುಗಿ, ‘ತಮ್ಮಾ, ಇದರ ಹಿಂಗಾಲು ಒಂಚೂರು ಎಳೀತೈತಿ, ಹಸಿ ನೆಲದಾಗ ಗೊತ್ತಾಕ್ಕೈತಿ. ಬಲಗೋಲಿಗೆ ರೂಢಿ ಐತಿ, ಎಡಕ್ಕ ಹೂಡಬ್ಯಾಡ’ ಎಂದರು. ದಲ್ಲಾಳಿ ಹಣೆ ಚಚ್ಚಿಕೊಂಡ. ರೇಟು ಇಳಿಯಿತು. ಇವರು ಕೊರಳಿನ ಗಂಟೆಸರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಎಣಿಸಿದ ದುಡ್ಡನ್ನು ಮತ್ತೆ ಎಣಿಸದೆ ಜೇಬಿಗೆ ಇಟ್ಟರು. ಎತ್ತು ಮಾರುವುದು ತಪ್ಪಿಸಲಾಗದ್ದಾಗಿತ್ತು. ಕಾಲಿನ ದೋಷ ಮುಚ್ಚಿಡುವುದು ಅವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಛಾಂದೋಗ್ಯದ ಕಾಳು ಮತ್ತು ನೀರು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕಳೆದ ಶತಮಾನ ನೋಡಿದೆ. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಚಿಂತಕಿ ಹಾನಾ ಅರೆಂಟ್, ಸಣ್ಣ ಕೆಡುಕನ್ನು ಆರಿಸಿಕೊಂಡವರು ತಾವು ಆರಿಸಿದ್ದು ಕೆಡುಕು ಎಂಬುದನ್ನು ಬಹುಬೇಗ ಮರೆಯುತ್ತಾರೆ ಎಂದು 1964ರಲ್ಲಿ ಎಚ್ಚರಿಸಿದರು. ನಾನು ಹುದ್ದೆ ಬಿಟ್ಟರೆ ನನಗಿಂತ ಕೆಟ್ಟವನು ಬಂದು ಕೂರುತ್ತಾನೆ ಎಂದು ಹೇಳಿಕೊಂಡೇ ಒಳ್ಳೆಯ ಅಧಿಕಾರಿಗಳು ಒಂದೊಂದೇ ಮೆಟ್ಟಿಲು ಇಳಿದರು. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಸ್ವಲ್ಪವೇ ಕೆಳಗೆ. ಕೆಳಗೆ ತಲುಪಿದ ಮೇಲೆ ಹತ್ತುವುದಕ್ಕೆ ಆಗಲಿಲ್ಲ.

ಈಗ ಚುನಾವಣೆಗೆ ಬರುತ್ತೇನೆ, ಈ ಮಾತು ಅತಿ ಹೆಚ್ಚು ಬಳಕೆಯಾಗುವ ಜಾಗ ಅದು. 2002ರ ಫ್ರಾನ್ಸ್ ನೋಡಿ. ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಜಾಕ್ ಶಿರಾಕ್‌ಗೆ ಬಿದ್ದದ್ದು ಶೇ. 20ಕ್ಕೂ ಕಡಿಮೆ ಮತ. ಎರಡನೇ ಸುತ್ತಿಗೆ ಅವರ ಎದುರು ಉಳಿದದ್ದು ತೀವ್ರ ಬಲಪಂಥದ ಲ ಪೆನ್. ಶಿರಾಕ್ ಅವರನ್ನು ಜೀವಮಾನವೆಲ್ಲ ವಿರೋಧಿಸಿದ ಎಡಪಂಥೀಯರು, ಫ್ಯಾಸಿಸ್ಟನಿಗಿಂತ ಮೋಸಗಾರ ಮೇಲು ಎಂಬ ಘೋಷಣೆ ಹಿಡಿದು ಅವರಿಗೇ ಮತ ಹಾಕಿದರು. ಶೇ. 82 ಬಂತು. ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಆ 82ರಲ್ಲಿ ದೊಡ್ಡ ಪಾಲು ಪ್ರೀತಿಯಿಂದ ಬಂದದ್ದಲ್ಲ, ಕೈಗಡ. ಅದನ್ನು ತನ್ನ ಸ್ವಂತ ಆಸ್ತಿಯೆಂದು ತಿಳಿಯುವ ಹಕ್ಕು ಗೆದ್ದವರಿಗಿಲ್ಲ. ಕೊಟ್ಟವರಿಗೆ ಮಾತ್ರ ವಸೂಲಿ ಮಾಡುವ ಹಕ್ಕಿದೆ. ನಾವು ಮತ ಹಾಕಿ, ಬೆರಳಿನ ಮಸಿ ಆರುವ ಮೊದಲೇ ಆ ಹಕ್ಕನ್ನು ಬಿಟ್ಟುಕೊಡುತ್ತೇವೆ. ‘ಇದ್ದದ್ದರಾಗ ಇವನ ಛಲೋ’ ಎಂದು ಆರಿಸಿದ ವ್ಯಕ್ತಿಯನ್ನು ಮುಂದಿನ ವರ್ಷದೊಳಗೆ ‘ನಮ್ಮ ಸಾಹೇಬ್ರು’ ಮಾಡಿಕೊಂಡು, ಅವನ ತಪ್ಪಿಗೆಲ್ಲ ನಾವೇ ವಕಾಲತ್ತು ವಹಿಸುತ್ತೇವೆ. ಅರೆಂಟ್ ಹೇಳಿದ ಮರೆವು ನಮ್ಮ ಓಣಿಯಲ್ಲೇ ಇದೆ.

ನೋಟಾ ಒತ್ತಿದರಾಯಿತಲ್ಲ ಎಂದು ಹುಡುಗರು ಕೇಳುತ್ತಾರೆ. 2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಆ ಗುಂಡಿ ಬಂತು, ಗೌರವದ ಗುಂಡಿ ಅದು. ಆದರೆ ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ನೋಟಾಕ್ಕೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲಿ ಹೆಚ್ಚು ಪಡೆದವನೇ ಗೆಲ್ಲುತ್ತಾನೆ. ಇಬ್ಬರ ನಡುವಿನ ವ್ಯತ್ಯಾಸ ನಿಜವಾಗಿಯೂ ದೊಡ್ಡದಿದ್ದಾಗ ನೋಟಾ ಒತ್ತುವುದು ಕೌಶಿಕನ ದಾರಿ ಹಿಡಿದಂತೆ. ಮೂರನೆಯ ದಾರಿ ಮತಗಟ್ಟೆಯೊಳಗೆ ಹುಟ್ಟುವುದಿಲ್ಲ, ಅದಕ್ಕಿಂತ ಹಿಂದಿನ ಐದು ವರ್ಷಗಳಲ್ಲಿ ಹುಟ್ಟಬೇಕು.

ಮೂರನೆಯ ದಾರಿ ಕಟ್ಟಿದ ಊರು ಇಲ್ಲೇ ಪಕ್ಕದಲ್ಲಿದೆ. ಕಣಗಿನಹಾಳ. ನೂರಿಪ್ಪತ್ತು ವರ್ಷಗಳ ಹಿಂದೆ ಮುಂಬಯಿ ಪ್ರಾಂತದ ರೈತನ ಮುಂದೆ ಇದ್ದದ್ದು ಎರಡು: ಸಾಹುಕಾರನ ಬಡ್ಡಿ, ಇಲ್ಲವೇ ಬಿತ್ತದೆ ಬಿದ್ದ ಹೊಲ. ಬಡ್ಡಿಯೇ ಸಣ್ಣ ಕೆಡುಕು ಎಂದು ತಲೆಮಾರುಗಳು ಹೆಬ್ಬೆಟ್ಟು ಒತ್ತಿದವು. 1875ರಲ್ಲಿ ಪುಣೆ, ಅಹಮದನಗರ ಕಡೆಯ ರೈತರು ಸಿಟ್ಟಿಗೆದ್ದು ಸಾಲಪತ್ರಗಳನ್ನೇ ಸುಟ್ಟರು. ಆ ಬೆಂಕಿಯೂ ಪರಿಹಾರವಾಗಲಿಲ್ಲ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದರು. ಯಾವ ಸಾಹುಕಾರ ಇದ್ದದ್ದರಲ್ಲಿ ವಾಸಿ ಎಂದು ಹುಡುಕುತ್ತ ಅವರು ಕೂರಲಿಲ್ಲ. ಊರಿನವರ ದುಡ್ಡು ಊರಿನವರ ಕೈಗೆ ಸಿಗುವ ಹಾಗೆ ಮಾಡಿ, ಆ ಪ್ರಶ್ನೆಯನ್ನೇ ಅಳಿಸಿದರು. ಸಂಘಗಳು ಆಮೇಲೆ ಎಲ್ಲೆಲ್ಲಿ ಹೇಗೆ ಕೆಟ್ಟವು ಎಂಬುದು ನಿಮಗೆ ಗೊತ್ತು. ಆದರೂ ಆ ಬುದ್ಧಿ ದೊಡ್ಡದು.

ಇನ್ನೊಂದನ್ನು ನೀವೇ ಕಣ್ಣಾರೆ ಕಂಡಿದ್ದೀರಿ. ನಮ್ಮ ಜಿಲ್ಲೆಯ ಹಳ್ಳಿಗುಡಿಯ ಹೊಲಗಳಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವ ಮಾತು ಬಂದಾಗ, ಹೊಲ ಹೋದರೂ ಕೆಲಸ ಬರುತ್ತದೆ, ಹಿಂದುಳಿಯುವುದಕ್ಕಿಂತ ಇದು ಸಣ್ಣ ಕೆಡುಕು ಎಂದರು. ರೈತರು ಬೀದಿಗಿಳಿದರು, ತೋಂಟದ ಸಿದ್ಧಲಿಂಗ ಶ್ರೀಗಳು ಮುಂದೆ ನಿಂತರು, 2011ರಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ನಮ್ಮದೇ ಬೆಟ್ಟಸಾಲು ಕಪ್ಪತಗುಡ್ಡದಲ್ಲಿ ಗಣಿಗಾರಿಕೆಯ ವಿಷಯದಲ್ಲೂ ಇಂಥದೇ ಜಗ್ಗಾಟ ನಡೆದು, 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಎರಡರಲ್ಲೂ ನನ್ನ ಮನಸ್ಸು ಹೋರಾಟದವರ ಕಡೆಗಿತ್ತು, ಈಗಲೂ ಇದೆ. ಆದರೆ ಇಲ್ಲಿ ಕೂತವರಿಗೆ ಒಂದು ಮಾತು ಬಿಚ್ಚಿ ಹೇಳಬೇಕು. ಕೆಲಸಕ್ಕಾಗಿ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುವ ಹುಡುಗರು ಇಂದಿಗೂ ಮೂಟೆ ಹೊತ್ತು ಬಸ್ಸು ಹತ್ತುತ್ತಿದ್ದಾರೆ. ಹೊಲ ಉಳಿಸಿಕೊಂಡ ನಾವೂ ಒಂದು ಆಯ್ಕೆ ಮಾಡಿದ್ದೇವೆ, ಅದರಲ್ಲೂ ನಷ್ಟವಾದವರಿದ್ದಾರೆ. ಕಾರ್ಖಾನೆ ಬೇಡ ಎಂದವರ ಮೇಲೆ ಆ ಹುಡುಗರ ದುಡಿಮೆಯ ಬಾಕಿ ಇದೆ. ಮೆಣಸಿನಕಾಯಿ, ಹೆಸರು, ಈರುಳ್ಳಿ ಬೆಳೆಯುವ ನೆಲದಲ್ಲಿ ಅವನ್ನು ಒಣಗಿಸಿ, ಕಾಯ್ದಿಟ್ಟು, ಸಂಸ್ಕರಿಸುವ ಸಣ್ಣ ಘಟಕಗಳು ಎಷ್ಟಿವೆ, ಅವಕ್ಕೆ ಸಾಲ ಕೊಡುವವರು ಯಾರು ಎಂದು ಹೋರಾಟದಷ್ಟೇ ಜೋರಾಗಿ ನಾವು ಕೇಳಬೇಕಿತ್ತು. ಈಗಲೂ ಕೇಳಬಹುದು.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಯುವತಿ ಎದ್ದು ಕೇಳಿದಳು: ‘ಸರ್, ನಮ್ಮ ಅಪ್ಪಾರಿಗೆ ದೊಡ್ಡ ಬ್ಯಾನಿ ಐತಿ ಅಂತ ಡಾಕ್ಟರ್ ನಮಗ ಹೇಳ್ಯಾರ. ಅಪ್ಪಾರಿಗೆ ನಾವು ಅಲ್ಸರ್ ಅಂತ ಹೇಳೇವಿ. ಧೈರ್ಯ ಕಳಕೊಳ್ಳೂದಕ್ಕಿಂತ ಸುಳ್ಳು ಸಣ್ಣದಲ್ಲೇನ್ರಿ?’

ಇವತ್ತಿನ ಮಟ್ಟಿಗೆ ಸಣ್ಣದಿರಬಹುದು, ತಂಗಿ, ಎಂದೆ. ನಿಮ್ಮ ಅಪ್ಪನನ್ನು ಬಲ್ಲವಳು ನೀನು, ನಾನಲ್ಲ. ಆದರೆ ಈ ಸುಳ್ಳು ಎಷ್ಟು ದಿನ ನಡೆಯಬೇಕು ಎಂದು ಮನೆಯವರು ಕೂತು ಮಾತಾಡಿದ್ದೀರಾ? ಅವರಿಗೆ ಎಷ್ಟು ತಿಳಿದುಕೊಳ್ಳಲು ಇಷ್ಟವಿದೆ ಎಂದು ಯಾರಾದರೂ ಅವರನ್ನೇ ಕೇಳಿದ್ದಾರಾ? ಡಾಕ್ಟರಿಗೆ ಹೇಳಿದರೆ ಅವರೇ ಮೊದಲು ಅಷ್ಟನ್ನು ಕೇಳುತ್ತಾರೆ. ಕೆಲವರು ಎಲ್ಲ ಹೇಳ್ರಿ ಅನ್ನುತ್ತಾರೆ, ಕೆಲವರು ನನ್ನ ಮಗಳಿಗೆ ಹೇಳ್ರಿ ಸಾಕು ಅನ್ನುತ್ತಾರೆ. ಎರಡನೆಯದಾದರೆ ನೀನು ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ.

ಆಕೆ ಸ್ವಲ್ಪ ಸುಮ್ಮನಿದ್ದು, ‘ಖರ್ಚಿಗೆ ಎರಡೆಕರೆ ಮಾರೂದು ನಡದೈತ್ರಿ. ಸಹಿಗೆ ಬ್ಯಾರೆ ಕಾರಣ ಹೇಳೇವಿ’ ಎಂದಳು.

ಅದನ್ನು ನಿಲ್ಲಿಸಿ ಎಂದೆ. ಬೇನೆಯ ಹೆಸರು ಮುಚ್ಚಿಟ್ಟದ್ದು ಒಂದು, ಸಹಿ ಹಾಕಿಸಿಕೊಳ್ಳುವುದು ಇನ್ನೊಂದು. ಹೊಲ ಅವರ ಹೆಸರಿನಲ್ಲಿದೆ. ಕಾಗದ ಮುಂದೆ ಇಡುವ ಮೊದಲು ದುಡ್ಡು ಯಾತಕ್ಕೆ ಎಂದು ಅವರಿಗೆ ಗೊತ್ತಿರಬೇಕು. ಹೇಳುವವರು ಯಾರು, ಯಾವ ದಿನ ಎಂಬುದನ್ನು ಇವತ್ತು ರಾತ್ರಿ ನಿಮ್ಮ ತಾಯಿಯವರ ಜತೆ ಕೂತು ಗೊತ್ತು ಮಾಡಿಕೊಳ್ಳಿ.